ಟಾನಿಕ್ಕು, ಪುಡಿ, ಕ್ಯಾಲ್ಸಿಯಂ: ಎಚ್‌ಐವಿ ಚಿಕಿತ್ಸೆಯ ಜೊತೆ ಯಾವುದು, ಎಷ್ಟು, ಎಷ್ಟು ಗಂಟೆಗೆ?

(ಎಆರ್‌ಟಿ ಆಪ್ತಸಮಾಲೋಚಕರು, ಆರೈಕೆ ಕಾರ್ಯಕರ್ತರು ಮತ್ತು ಎಚ್‌ಐವಿಯೊಂದಿಗೆ ಬದುಕುತ್ತಿರುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಎಆರ್‌ಟಿ, ಅಂದರೆ ಎಚ್‌ಐವಿ ವೈರಾಣುವನ್ನು ಹತೋಟಿಯಲ್ಲಿಡುವ ಮಾತ್ರೆ, ಶುರುವಾದ ಹೊಸದರಲ್ಲಿ ಸಮಾಲೋಚಕರು ಮತ್ತೆ ಮತ್ತೆ ಕೇಳಿಸಿಕೊಳ್ಳುವ ಪ್ರಶ್ನೆ ಒಂದಿದೆ: "ಮಾತ್ರೆ ಸರಿ, ಶಕ್ತಿಗೆ ಏನು ತಗೊಳ್ಳಲಿ?" ಕೇಳುವುದರಲ್ಲಿ ತಪ್ಪೇನಿಲ್ಲ. ನಮ್ಮ ದೇಶದಲ್ಲಿ ಸರ್ಕಾರ ಉಚಿತ ಎಆರ್‌ಟಿ ಆರಂಭಿಸಿದ್ದು 2004ರ ಏಪ್ರಿಲ್ 1ರಂದು. ಅದಕ್ಕೆ ಮೊದಲು ಬಹಳಷ್ಟು ಜನರ ಕೈಗೆ ಎಟುಕುತ್ತಿದ್ದುದು ಒಳ್ಳೆಯ ಊಟ, ಒಂದು ಟಾನಿಕ್ಕು ಮತ್ತು ಧೈರ್ಯದ ಮಾತು. ಆ ಕಾಲದ ಸಲಹೆ ಇಂದಿಗೂ ಜನರ ಬಾಯಲ್ಲಿ ಉಳಿದಿದೆ. ಆದರೆ ಈಗ ಕೈಯಲ್ಲಿರುವ ಮಾತ್ರೆ ಬೇರೆ. ಟಾನಿಕ್ಕಿನಲ್ಲಿರುವ ಕೆಲವು ಪದಾರ್ಥಗಳು ಆ ಮಾತ್ರೆಯ ಕೆಲಸವನ್ನೇ ಕೆಡಿಸಬಲ್ಲವು. ಇವತ್ತಿನ ಮಾತಿನ ಮುಖ್ಯ ಭಾಗ ಅದೇ.

ಮೊದಲೇ ಒಂದು ಬೇಡಿಕೆ ಇಡುತ್ತೇವೆ. ಯಾವುದೇ ಪೌಷ್ಟಿಕ ಪೂರಕ ಕೊಟ್ಟರೂ ರೋಗಿಯ ಹಸಿರು ಪುಸ್ತಕದಲ್ಲಿ (ಎಆರ್‌ಟಿ ಕೇಂದ್ರ ಕೊಡುವ ಚಿಕಿತ್ಸೆಯ ದಾಖಲೆ ಪುಸ್ತಕ) ಮೂರು ವಿಷಯ ಬರೆಯಿರಿ: ಯಾಕೆ ಕೊಟ್ಟದ್ದು, ದಿನದ ಯಾವ ಹೊತ್ತಿಗೆ ತೆಗೆದುಕೊಳ್ಳಬೇಕು, ಯಾವತ್ತು ನಿಲ್ಲಿಸಬೇಕು. ಈ ಮೂರರಲ್ಲಿ ಒಂದಕ್ಕೆ ಉತ್ತರ ಇಲ್ಲದಿದ್ದರೂ ಆ ಮಾತ್ರೆ ಕೊಡುವ ಮೊದಲು ವೈದ್ಯರನ್ನು ಇನ್ನೊಮ್ಮೆ ಕೇಳಿ.

ಹೆಚ್ಚು ಕೊಟ್ಟರೆ ಹೆಚ್ಚು ಗುಣವೇ?

ಈ ಪ್ರಶ್ನೆಗೆ ಟಾಂಜಾನಿಯಾದಲ್ಲಿ ನಡೆದ ಎರಡು ಅಧ್ಯಯನಗಳು ಒಳ್ಳೆಯ ಉತ್ತರ ಕೊಟ್ಟಿವೆ. 2004ರಲ್ಲಿ ಪ್ರಕಟವಾದ ಮೊದಲನೆಯದರಲ್ಲಿ, ಎಆರ್‌ಟಿ ಇನ್ನೂ ಸಿಗದ ಗರ್ಭಿಣಿಯರಿಗೆ ಬಿ ಗುಂಪಿನ ವಿಟಮಿನ್‌ಗಳು, ಸಿ ಮತ್ತು ಇ ಕೊಟ್ಟಾಗ ಕಾಯಿಲೆ ಮುಂದುವರಿಯುವ ವೇಗ ಕಡಿಮೆಯಾಯಿತು. 2012ರಲ್ಲಿ ಪ್ರಕಟವಾದ ಎರಡನೆಯದರಲ್ಲಿ ಎಆರ್‌ಟಿ ಶುರುಮಾಡುತ್ತಿದ್ದ 3,418 ಜನರಿದ್ದರು. ಅರ್ಧ ಜನರಿಗೆ ದಿನದ ಅಗತ್ಯದಷ್ಟು ಮಾತ್ರ ವಿಟಮಿನ್, ಉಳಿದವರಿಗೆ ಅದರ ಹಲವು ಪಟ್ಟು. ಸಾವಿನಲ್ಲಾಗಲಿ ಕಾಯಿಲೆ ಮುಂದುವರಿಯುವುದರಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಲಿವರ್ ಕಿಣ್ವ ಎಎಲ್‌ಟಿ ಏರಿದ್ದು ಜಾಸ್ತಿ. ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು.

ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ವೈರಾಣು ಹತೋಟಿಯಲ್ಲಿ ಇಲ್ಲದಾಗ ದೇಹ ಪೋಷಕಾಂಶಗಳನ್ನು ಬೇಗ ಕಳೆದುಕೊಳ್ಳುತ್ತದೆ, ಆಗ ತುಂಬಿಕೊಟ್ಟರೆ ಸ್ವಲ್ಪ ಪ್ರಯೋಜನ ಇತ್ತು. ಎಆರ್‌ಟಿ ಬಂದ ಮೇಲೆ ಆ ನಷ್ಟ ಮೂಲದಲ್ಲೇ ಕಡಿಮೆಯಾಗುತ್ತದೆ. ಆಮೇಲೆ ಬೇಕಾದದ್ದು ಕೊರತೆ ಇದ್ದ ಕಡೆ ಕೊರತೆ ಇದ್ದಷ್ಟು. ದಿನದ ಶಿಫಾರಸಿನ ಪ್ರಮಾಣ ದಾಟದ ಒಂದು ಸಾದಾ ಮಲ್ಟಿವಿಟಮಿನ್ ಮಾತ್ರೆಯಿಂದ, ಸರಿಯಾಗಿ ಊಟ ಸಿಗದವರಿಗೆ, ತೊಂದರೆಯೇನಿಲ್ಲ. ಹೊತ್ತು ತಪ್ಪದಿದ್ದರೆ ಸಾಕು.

ಅದೇ ದೇಶದ ಇನ್ನೊಂದು ಫಲಿತಾಂಶ ಗರ್ಭಿಣಿಯರ ವಿಷಯದಲ್ಲಿ ನೆನಪಿರಲಿ. ಗರ್ಭಿಣಿಯರಿಗೆ ವಿಟಮಿನ್ ಎ ಕೊಟ್ಟಾಗ ತಾಯಿಯಿಂದ ಮಗುವಿಗೆ ಎಚ್‌ಐವಿ ಹರಡುವುದು ಹೆಚ್ಚಾಯಿತು. ಎಚ್‌ಐವಿ ಇರುವ ಗರ್ಭಿಣಿ ತನ್ನಷ್ಟಕ್ಕೆ ವಿಟಮಿನ್ ಎ ಕ್ಯಾಪ್ಸೂಲ್ ನುಂಗಬಾರದು. ಸೊಪ್ಪು, ಕ್ಯಾರೆಟ್, ಮಾವಿನಹಣ್ಣು ಧಾರಾಳವಾಗಿ ತಿನ್ನಲಿ.

ಲೋಹ ಕಂಡರೆ ಅಂಟಿಕೊಳ್ಳುವ ಔಷಧಿ

ಈಗ ಬಹುಪಾಲು ವಯಸ್ಕರು ದಿನಕ್ಕೊಂದು ತೆಗೆದುಕೊಳ್ಳುವ ಟಿಎಲ್‌ಡಿ ಮಾತ್ರೆಯಲ್ಲಿ ಟೆನೊಫೊವಿರ್ 300 ಮಿ.ಗ್ರಾಂ, ಲ್ಯಾಮಿವುಡಿನ್ 300 ಮಿ.ಗ್ರಾಂ, ಡೊಲುಟೆಗ್ರಾವಿರ್ 50 ಮಿ.ಗ್ರಾಂ ಇರುತ್ತದೆ. ನಮಗೆ ಇಲ್ಲಿ ಮುಖ್ಯವಾದದ್ದು ಕೊನೆಯದು. ವೈರಾಣು ತನ್ನ ವಂಶವಾಹಿಯನ್ನು ನಮ್ಮ ಜೀವಕೋಶದೊಳಗೆ ಸೇರಿಸಲು ಇಂಟಿಗ್ರೇಸ್ ಎಂಬ ಕಿಣ್ವ ಬಳಸುತ್ತದೆ. ಆ ಕಿಣ್ವದ ಕೆಲಸದ ಜಾಗದಲ್ಲಿ ಎರಡು ಮೆಗ್ನೀಷಿಯಂ ಅಯಾನುಗಳಿವೆ. ಡೊಲುಟೆಗ್ರಾವಿರ್ ಹೋಗಿ ಅವುಗಳನ್ನೇ ಹಿಡಿದುಕೊಂಡು ಕಿಣ್ವವನ್ನು ಕಟ್ಟಿಹಾಕುತ್ತದೆ. ಲೋಹವನ್ನು ಹಿಡಿಯುವ ಈ ಗುಣವೇ ಅದರ ಬಲ. ಆದರೆ ಹೊಟ್ಟೆಯಲ್ಲೇ ಕ್ಯಾಲ್ಸಿಯಂ, ಕಬ್ಬಿಣ, ಸತು, ಮೆಗ್ನೀಷಿಯಂ, ಅಲ್ಯೂಮಿನಿಯಂ ಸಿಕ್ಕಿಬಿಟ್ಟರೆ ಅದು ಅಲ್ಲೇ ಅಂಟಿಕೊಳ್ಳುತ್ತದೆ, ರಕ್ತಕ್ಕೆ ಸೇರದೆ ಮಲದಲ್ಲಿ ಹೋಗುತ್ತದೆ.

ಎಷ್ಟು ನಷ್ಟ ಅನ್ನುವುದನ್ನು ಅಳೆದಿದ್ದಾರೆ. ಖಾಲಿ ಹೊಟ್ಟೆಯಲ್ಲಿ ಒಟ್ಟಿಗೆ ತೆಗೆದುಕೊಂಡಾಗ ರಕ್ತಕ್ಕೆ ಸೇರುವ ಡೊಲುಟೆಗ್ರಾವಿರ್ ಪ್ರಮಾಣ ಮಲ್ಟಿವಿಟಮಿನ್ ಜೊತೆ ಶೇ 33, ಕ್ಯಾಲ್ಸಿಯಂ ಜೊತೆ ಶೇ 39, ಕಬ್ಬಿಣದ ಜೊತೆ ಶೇ 54 ಕುಗ್ಗಿತು. ಮೆಗ್ನೀಷಿಯಂ–ಅಲ್ಯೂಮಿನಿಯಂ ಇರುವ ಆಂಟಾಸಿಡ್ ಜೊತೆ ಶೇ 74. ಅಂದರೆ ಹೊಟ್ಟೆ ಉರಿಗೆ ಎಂದು ಕುಡಿದ ಎರಡು ಚಮಚ ಗುಲಾಬಿ ಸಿರಪ್ಪು ಮಾತ್ರೆಯ ಮುಕ್ಕಾಲು ಭಾಗವನ್ನು ವ್ಯರ್ಥಮಾಡಬಲ್ಲದು.

ನಿಯಮ ಹೀಗಿದೆ. ಟಿಎಲ್‌ಡಿಯನ್ನು ಈ ಪದಾರ್ಥಗಳಿಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ತೆಗೆದುಕೊಳ್ಳಬೇಕು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗೆ ಒಂದು ವಿನಾಯಿತಿ ಇದೆ: ಹೊಟ್ಟೆ ತುಂಬ ಊಟದ ಜೊತೆಯಲ್ಲಿ ಅವನ್ನೂ ಟಿಎಲ್‌ಡಿಯನ್ನೂ ಒಟ್ಟಿಗೇ ನುಂಗಬಹುದು. ಟೀ, ಎರಡು ಬಿಸ್ಕತ್ತು ಊಟ ಅಲ್ಲ. ಆಂಟಾಸಿಡ್‌ಗೆ ಈ ವಿನಾಯಿತಿ ಇಲ್ಲ, ಊಟ ಮಾಡಿದರೂ 2 ಮತ್ತು 6 ಗಂಟೆಯ ಅಂತರ ಬೇಕೇ ಬೇಕು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಗ್ಯಾಸ್ ಮಾತ್ರೆಗಳಿಂದ ಡೊಲುಟೆಗ್ರಾವಿರ್‌ಗೆ ತೊಂದರೆ ಇಲ್ಲ. ಆದರೆ ಎರಡನೇ ಹಂತದ ಚಿಕಿತ್ಸೆಯಲ್ಲಿ ಅಟಜಾನವಿರ್ ತೆಗೆದುಕೊಳ್ಳುತ್ತಿರುವವರಿಗೆ ಇವೇ ಗ್ಯಾಸ್ ಮಾತ್ರೆಗಳು ಅಪಾಯ, ಏಕೆಂದರೆ ಅಟಜಾನವಿರ್ ಕರಗಲು ಹೊಟ್ಟೆಯಲ್ಲಿ ಆಮ್ಲ ಬೇಕು. ಹಾಗಾಗಿ ಯಾರು ಯಾವ ಮಾತ್ರೆಯಲ್ಲಿದ್ದಾರೆ ಎಂದು ನೋಡದೆ ಗ್ಯಾಸಿಗೆ ಏನನ್ನೂ ಸೂಚಿಸಬೇಡಿ.

ಹಾಲು, ಮೊಸರು, ರಾಗಿಮುದ್ದೆ? ಇವುಗಳಲ್ಲೂ ಕ್ಯಾಲ್ಸಿಯಂ ಇದೆಯಲ್ಲ ಎಂದು ಹೆದರಿ ಬಿಡುವವರಿದ್ದಾರೆ. ಬಿಡಬೇಕಾಗಿಲ್ಲ. ಊಟದಲ್ಲಿ ಬರುವ ಕ್ಯಾಲ್ಸಿಯಂ ಊಟದ ಜೊತೆಯಲ್ಲೇ ಬರುತ್ತದೆ.

ಸಮಾಲೋಚಕರಿಗೆ ಇದರಿಂದ ಆಗಬೇಕಾದ ಕೆಲಸ ಏನು? ವೈರಲ್ ಲೋಡ್ (ಒಂದು ಮಿ.ಲೀ. ರಕ್ತದಲ್ಲಿರುವ ವೈರಾಣುವಿನ ಲೆಕ್ಕ) 1000 ದಾಟಿದೆ, ಡಬ್ಬಿಯಲ್ಲಿ ಮಾತ್ರೆ ಎಣಿಸಿದರೆ ಲೆಕ್ಕ ಸರಿಯಾಗಿದೆ, ಆ ವ್ಯಕ್ತಿಯೂ "ಒಂದು ದಿನವೂ ಬಿಟ್ಟಿಲ್ಲ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ತೀರ್ಮಾನಿಸುವ ಮೊದಲು ಅವರ ದಿನಚರಿಯನ್ನು ಗಂಟೆ ಗಂಟೆಗೂ ಕೇಳಿ. "ಬೇರೆ ಔಷಧಿ ಏನಾದರೂ ತಗೋತೀರಾ?" ಅಂದರೆ ಇಲ್ಲ ಅನ್ನುತ್ತಾರೆ, ಯಾಕೆಂದರೆ ಟಾನಿಕ್ಕನ್ನು ಯಾರೂ ಔಷಧಿ ಎಂದು ಲೆಕ್ಕ ಹಾಕುವುದಿಲ್ಲ. "ಹೊಟ್ಟೆ ಉರಿಗೆ ಏನು ಕುಡಿಯುತ್ತೀರಿ? ಮಂಡಿನೋವಿಗೆ? ರಕ್ತ ಕಡಿಮೆ ಇದೆ ಅಂತ ಏನಾದರೂ ಕೊಟ್ಟಿದ್ದಾರಾ? ಹಾಲಿಗೆ ಪುಡಿ ಹಾಕುತ್ತೀರಾ?" ಹೀಗೆ ಬಿಡಿಬಿಡಿಯಾಗಿ ಕೇಳಿ. ಮುಂದಿನ ಸಲ ಬರುವಾಗ ಮನೆಯಲ್ಲಿರುವ ಎಲ್ಲ ಡಬ್ಬಿ, ಬಾಟಲಿಗಳನ್ನು ಚೀಲದಲ್ಲಿ ತರಲು ಹೇಳಿ.

ಗರ್ಭಿಣಿಯ ಒಂದು ದಿನ

ಗಂಟೆ ತಪ್ಪುವ ಸಾಧ್ಯತೆ ಅತಿ ಹೆಚ್ಚು ಇರುವುದು ಗರ್ಭಿಣಿಯರಲ್ಲಿ. ನಾಲ್ಕನೇ ತಿಂಗಳಿಂದ ಅವರಿಗೆ ದಿನಕ್ಕೊಂದು ಕಬ್ಬಿಣ–ಫೋಲಿಕ್ ಮಾತ್ರೆ (60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ) ಮತ್ತು 500 ಮಿ.ಗ್ರಾಂ ಕ್ಯಾಲ್ಸಿಯಂ ಮಾತ್ರೆ ಎರಡು ಸಲ ಸಿಗುತ್ತದೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಂದನ್ನೊಂದು ತಡೆಯುವುದರಿಂದ ಅವೆರಡರ ನಡುವೆಯೂ ಎರಡು ಗಂಟೆ ಬೇಕು. ಇದರ ಮೇಲೆ ಟಿಎಲ್‌ಡಿ. ಆಶಾ ಕಾರ್ಯಕರ್ತೆ ಕೊಟ್ಟ ಮಾತ್ರೆ, ಎಆರ್‌ಟಿ ಕೇಂದ್ರ ಕೊಟ್ಟ ಮಾತ್ರೆ ಎರಡೂ ಸರಿಯಾದದ್ದೇ. ಅವನ್ನು ಒಂದು ದಿನಚರಿಯಲ್ಲಿ ಹೊಂದಿಸಿಕೊಡುವವರು ಇಲ್ಲದಿರುವುದೇ ತೊಡಕು. ಸೋಂಕಿನ ವಿಷಯ ಆಶಾಗೆ ಹೇಳದೆ ಇರುವವರೂ ಇರುತ್ತಾರೆ. ಅದು ಅವರ ಹಕ್ಕು. ಆದ್ದರಿಂದ ಹೊಂದಿಸುವ ಹೊಣೆ ಎಆರ್‌ಟಿ ಸಮಾಲೋಚಕರದ್ದೇ.

ಹಳೆಯ ಎಫಾವಿರೆಂಜ್ ಮಾತ್ರೆಯಿಂದ ತಲೆಸುತ್ತು ಬರುತ್ತಿದ್ದ ಕಾರಣ ರಾತ್ರಿ ಮಲಗುವಾಗ ನುಂಗುವ ಅಭ್ಯಾಸ ಬಹಳ ಜನರಲ್ಲಿ ಉಳಿದಿದೆ. ರಾತ್ರಿ ಎಂಟಕ್ಕೆ ಊಟದ ಜೊತೆ ಕ್ಯಾಲ್ಸಿಯಂ, ಒಂಬತ್ತೂವರೆಗೆ ಟಿಎಲ್‌ಡಿ: ಇದು ಕೆಟ್ಟ ಜೋಡಣೆ, ಆರು ಗಂಟೆಯ ಅಂತರ ಇಲ್ಲ. ಹೀಗೆ ಬದಲಿಸಿ: ಬೆಳಿಗ್ಗೆ ಆರಕ್ಕೆ ಎದ್ದ ಕೂಡಲೇ ಟಿಎಲ್‌ಡಿ, ಖಾಲಿ ಹೊಟ್ಟೆ ಆದರೂ ಸರಿ. ಎಂಟೂವರೆಗೆ ತಿಂಡಿಯ ಜೊತೆ ಮೊದಲ ಕ್ಯಾಲ್ಸಿಯಂ. ಮಧ್ಯಾಹ್ನ ಊಟವಾಗಿ ಒಂದು ಗಂಟೆಯ ಮೇಲೆ ಕಬ್ಬಿಣ, ಅದರ ಹಿಂದೆಮುಂದೆ ಒಂದು ಗಂಟೆ ಟೀ, ಕಾಫಿ ಬೇಡ. ರಾತ್ರಿ ಎಂಟಕ್ಕೆ ಊಟದ ಜೊತೆ ಎರಡನೇ ಕ್ಯಾಲ್ಸಿಯಂ. ಬೆಳಗಿನ ವಾಂತಿ ಜಾಸ್ತಿ ಇದ್ದರೆ ಟಿಎಲ್‌ಡಿಯನ್ನು ತಿಂಡಿಯ ಹೊತ್ತಿಗೆ ಸರಿಸಿ, ಹೊಟ್ಟೆ ತುಂಬ ತಿಂಡಿಯೊಡನೆ ಕ್ಯಾಲ್ಸಿಯಂ ಜೊತೆಗೇ ಕೊಡಬಹುದು. ರಾತ್ರಿಯಿಂದ ಬೆಳಿಗ್ಗೆಗೆ ಬದಲಾಯಿಸುವಾಗ ಎರಡು ಮಾತ್ರೆಗಳ ನಡುವೆ 24 ಗಂಟೆಗಿಂತ ಹೆಚ್ಚು ಅಂತರ ಬೀಳದಂತೆ ಕೇಂದ್ರದಲ್ಲೇ ದಿನ ಗೊತ್ತುಮಾಡಿಕೊಡಿ.

ರಕ್ತ ಕಡಿಮೆ, ಕಾಲು ಉರಿ, ಮೂಳೆ ನೋವು

ಹಿಮೋಗ್ಲೋಬಿನ್ ಕಡಿಮೆ ಬಂದ ಕೂಡಲೇ ಕಬ್ಬಿಣ ಕೊಡುವುದು ರೂಢಿ. ಎಚ್‌ಐವಿ ಇರುವವರಲ್ಲಿ ರಕ್ತಹೀನತೆಗೆ ಕಬ್ಬಿಣದ ಕೊರತೆಯೊಂದೇ ಕಾರಣವಲ್ಲ. ಜಿಡೊವುಡಿನ್ ಎಂಬ ಎಚ್‌ಐವಿ ಔಷಧಿ ತೆಗೆದುಕೊಳ್ಳುವವರಲ್ಲಿ ರಕ್ತ ತಯಾರಿಸುವ ಮೂಳೆಮಜ್ಜೆಯೇ ಕುಗ್ಗಿರಬಹುದು. ರಕ್ತ ಪರೀಕ್ಷೆಯ ಚೀಟಿಯಲ್ಲಿ ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) 100 ದಾಟಿದ್ದರೆ ಈ ಸಂಶಯ ಬರಬೇಕು. ಕಬ್ಬಿಣ ಅಲ್ಲಿ ಕೆಲಸ ಮಾಡುವುದಿಲ್ಲ, ಔಷಧಿ ಬದಲಾಯಿಸಬೇಕಾಗಬಹುದು. ಕ್ಷಯ ಅಡಗಿದ್ದರೂ ರಕ್ತ ಇಳಿಯುತ್ತದೆ. ಕೊಕ್ಕೆಹುಳು ಇದ್ದರೆ ಮೊದಲು ಆಲ್ಬೆಂಡಜೋಲ್ 400 ಮಿ.ಗ್ರಾಂ. ನಿಜವಾಗಿ ಕಬ್ಬಿಣದ ಕೊರತೆಯೇ ಆಗಿದ್ದರೆ ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ ಸುಮಾರು 1 ಗ್ರಾಂ ಏರಬೇಕು. ಏರದಿದ್ದರೆ ಎರಡನೇ ಡಬ್ಬಿ ಕೊಡುವ ಬದಲು ಕಾರಣ ಹುಡುಕಿ.

ಕ್ಷಯ ತಡೆಗೆ ಆರು ತಿಂಗಳು ಐಸೋನಿಯಜಿಡ್ 300 ಮಿ.ಗ್ರಾಂ ಕೊಡುವಾಗ ಜೊತೆಗೆ ಬಿ6 50 ಮಿ.ಗ್ರಾಂ ಕೊಡುತ್ತೇವೆ. ಐಸೋನಿಯಜಿಡ್ ದೇಹದ ಬಿ6 ಅನ್ನು ಖಾಲಿಮಾಡಿ ಕಾಲಿನ ನರಗಳಿಗೆ ಉರಿ, ಜೋಮು ತರುತ್ತದೆ. ಕಾರಣ, ಪ್ರಮಾಣ, ಕೊನೆಯ ದಿನ ಮೂರೂ ಸ್ಪಷ್ಟ ಇರುವ ಪೂರಕ ಇದು. ಐಸೋನಿಯಜಿಡ್ ಮುಗಿದ ಮೇಲೂ "ನರಕ್ಕೆ ಒಳ್ಳೆಯದು" ಎಂದು ಅಂಗಡಿಯಿಂದ 100 ಮಿ.ಗ್ರಾಂ ಮಾತ್ರೆ ತಂದು ವರ್ಷಗಟ್ಟಲೆ ನುಂಗಿದರೆ ಆ ಬಿ6 ತಾನೇ ನರ ಕೆಡಿಸಬಹುದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವ ಸಸ್ಯಾಹಾರಿಗೆ ಕಾಲು ಉರಿ ಬಂದರೆ ಬಿ12 ಪರೀಕ್ಷೆ ಮಾಡಿಸಿ. ಜೊತೆಗೆ ಮೆಟ್‌ಫಾರ್ಮಿನ್ ಪ್ರಮಾಣವನ್ನೂ ನೋಡಿ. ಡೊಲುಟೆಗ್ರಾವಿರ್ ಅದನ್ನು ರಕ್ತದಲ್ಲಿ ಏರಿಸುವುದರಿಂದ ದಿನಕ್ಕೆ 1000 ಮಿ.ಗ್ರಾಂ ದಾಟಬಾರದು.

ಟೆನೊಫೊವಿರ್ ಮೂಳೆಯ ಸಾಂದ್ರತೆಯನ್ನು ಸ್ವಲ್ಪ ಇಳಿಸುತ್ತದೆ, ಹಾಗಾಗಿ ವಿಟಮಿನ್ ಡಿ ಕೊರತೆ ಇದ್ದರೆ ಸರಿಪಡಿಸುವುದು ನ್ಯಾಯ. ಇಲ್ಲಿ ಆಗುವ ಎಡವಟ್ಟು 60,000 ಯೂನಿಟ್‌ನ ಕ್ಯಾಪ್ಸೂಲ್‌ನದು. ಅದು ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟು ವಾರ. ಪೊಟ್ಟಣದ ಮೇಲೆ ಬರೆದದ್ದು ಅರ್ಥವಾಗದೆ ದಿನಕ್ಕೊಂದು ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ, ಕೊನೆಗೆ ಮೂತ್ರಪಿಂಡಕ್ಕೆ ಪೆಟ್ಟು. ಟೆನೊಫೊವಿರ್ ಇರುವವರ ಮೂತ್ರಪಿಂಡಕ್ಕೆ ಇನ್ನೊಂದು ಹೊರೆ ಬೇಡ. ಕ್ಯಾಪ್ಸೂಲ್ ಪಟ್ಟಿಯ ಮೇಲೆ ವಾರದ ಹೆಸರನ್ನು, ಉದಾಹರಣೆಗೆ "ಭಾನುವಾರ" ಎಂದು, ಪೆನ್ನಿನಲ್ಲಿ ಬರೆದುಕೊಡಿ.

ತೂಕ ಇಳಿದವರಿಗೆ

ತೂಕ ಇಳಿದಿದೆ ಎಂದರೆ ಪುಡಿ ಡಬ್ಬಿಗೆ ಕೈ ಹಾಕುವ ಮೊದಲು ಕೆಮ್ಮು, ಜ್ವರ, ರಾತ್ರಿ ಬೆವರು ಕೇಳಿ, ಬಾಯಿ ತೆರೆಸಿ ಬಿಳಿ ಅಗ್ರ ಇದೆಯೇ ನೋಡಿ, ಭೇದಿ ಕೇಳಿ. ಗಂಟಲಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು ಇದ್ದು ನುಂಗಲಾಗದವರಿಗೆ ಫ್ಲುಕೊನಜೋಲ್ ಕೊಡದೆ ಪುಡಿ ಕೊಟ್ಟರೆ ಏನೂ ಆಗದು.

ಅಗತ್ಯ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಲಕ್ಷಣಗಳಿಲ್ಲದ ವಯಸ್ಕರಿಗೆ ಕ್ಯಾಲೊರಿ ಶೇ 10ರಷ್ಟು ಹೆಚ್ಚು, ಕಾಯಿಲೆ ಇದ್ದು ಚೇತರಿಸಿಕೊಳ್ಳುವಾಗ ಶೇ 20ರಿಂದ 30. ತೂಕ ಇಳಿಯುತ್ತಿರುವ ಮಕ್ಕಳಿಗೆ ಶೇ 50ರಿಂದ 100. ದಿನಕ್ಕೆ 2100 ಕ್ಯಾಲೊರಿ ಬೇಕಾದವರಿಗೆ ಶೇ 10 ಅಂದರೆ 210: ಒಂದು ಹಿಡಿ (30 ಗ್ರಾಂ) ಕಡಲೆಕಾಯಿ ಬೀಜ, ಒಂದು ಸಣ್ಣ ತುಂಡು ಬೆಲ್ಲ. ಅಷ್ಟೇ. ಶೇ 30 ಬೇಕಾದವರಿಗೆ 50 ಗ್ರಾಂ ಕಡಲೆಕಾಯಿ, ಎರಡು ಮೊಟ್ಟೆ, ಒಂದು ಬಾಳೆಹಣ್ಣು, ಸಾರಿಗೆ ಎರಡು ಚಮಚ ಹೆಚ್ಚು ಎಣ್ಣೆ ಸೇರಿಸಿದರೆ ಹತ್ತಿರ ಹತ್ತಿರ 600 ಆಗುತ್ತದೆ.

ಮನೆಯ ಹುರಿಹಿಟ್ಟಿನ ಅಳತೆ ಬರೆದುಕೊಳ್ಳಿ: ರಾಗಿ 500 ಗ್ರಾಂ, ಹುರಿಗಡಲೆ 300 ಗ್ರಾಂ, ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ 200 ಗ್ರಾಂ. ನೂರು ಗ್ರಾಂಗೆ ಸುಮಾರು 375 ಕ್ಯಾಲೊರಿ, 15 ಗ್ರಾಂ ಪ್ರೋಟೀನ್. 50 ಗ್ರಾಂ ಹಿಟ್ಟನ್ನು ಒಂದು ಲೋಟ ಹಾಲು, 15 ಗ್ರಾಂ ಬೆಲ್ಲದಲ್ಲಿ ಕುದಿಸಿದರೆ ಒಂದು ಹೊತ್ತಿಗೆ 350 ಕ್ಯಾಲೊರಿ, 13 ಗ್ರಾಂ ಪ್ರೋಟೀನ್. ಬೆಲ್ಲವನ್ನು ಹಿಟ್ಟಿಗೆ ಮೊದಲೇ ಬೆರೆಸಬೇಡಿ, ತೇವ ಹಿಡಿದು ಗಂಟುಕಟ್ಟುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲ ಬಿಡಿ. ಬೂಷ್ಟು ಹಿಡಿದ, ಕಪ್ಪಾದ, ಸುಕ್ಕಿದ ಕಡಲೆಕಾಯಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ಲಿವರ್‌ನ ವಿಷ ಇರಬಹುದು, ಹುರಿದರೂ ಪೂರ್ತಿ ಹೋಗದು. ಆರಿಸಿ ಎಸೆಯಿರಿ. ಎರಡು ವಾರಕ್ಕೆ ಆಗುವಷ್ಟೇ ಮಾಡಿ, ಜಾಸ್ತಿ ಇಟ್ಟರೆ ಎಣ್ಣೆ ವಾಸನೆ ಬರುತ್ತದೆ.

ಮಕ್ಕಳಿಗೆ, ಬಾಯಿ ಹುಣ್ಣಾದವರಿಗೆ ಗಂಜಿ ಗಟ್ಟಿಯಾದರೆ ಹೋಗದು, ನೀರು ಮಾಡಿದರೆ ಸತ್ವ ಇರದು. ಇದಕ್ಕೆ ಮೊಳಕೆ ರಾಗಿಯೇ ಮದ್ದು. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಕತ್ತರಿಸುತ್ತದೆ. ಗಟ್ಟಿಯಾಗಿ ಬೇಯಿಸಿದ ಬಿಸಿ ಗಂಜಿಗೆ ಒಂದು ಚಮಚ ಮೊಳಕೆ ಹಿಟ್ಟು ಕಲಸಿದರೆ ಕೆಲವೇ ನಿಮಿಷದಲ್ಲಿ ತೆಳುವಾಗುತ್ತದೆ, ನೀರು ಸೇರಿಸಿದಂತಾಗದು. ಆಮೇಲೆ ಒಮ್ಮೆ ಕುದಿಸಿ ಕೊಡಿ. ರಾಗಿ ಮೊಳಕೆ ಬಂದ ಮೇಲೆ ಚೆನ್ನಾಗಿ ಒಣಗಿಸಿ, ಹದವಾಗಿ ಮಾತ್ರ ಹುರಿಯಿರಿ. ಕಂದು ಬಣ್ಣ ಬರುವಷ್ಟು ಹುರಿದರೆ ಕಿಣ್ವ ಸತ್ತುಹೋಗುತ್ತದೆ.

ಅಂಗಡಿಯ ಪುಡಿ ಕೊಳ್ಳುವುದೇ ಆದರೆ ಡಬ್ಬಿಯ ಹಿಂಬದಿ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಸಕ್ಕರೆ ಅಥವಾ ಮಾಲ್ಟೊಡೆಕ್ಸ್‌ಟ್ರಿನ್ ಮೊದಲು ಬಂದರೆ ಕೊಟ್ಟ ಹಣ ಅದಕ್ಕೇ. ಕಬ್ಬಿಣ, ಸತು ಸೇರಿಸಿದ ಪುಡಿಯಾದರೆ ಟಿಎಲ್‌ಡಿಯ 2 ಮತ್ತು 6 ಗಂಟೆ ನಿಯಮ ಅದಕ್ಕೂ ಅನ್ವಯ.

ಆಹಾರ ನಿಜಕ್ಕೂ ಜೀವ ಉಳಿಸುತ್ತದೆಯೇ ಎಂದು ಅನುಮಾನಿಸುವವರಿಗೆ ಕ್ಷಯದ ಕ್ಷೇತ್ರದ ಒಂದು ಅಧ್ಯಯನ ತೋರಿಸಿ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡ್‌ನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ್ದು. ಕ್ಷಯ ರೋಗಿಯ ಮನೆಯವರಿಗೆ ತಿಂಗಳ ಆಹಾರ ಪೊಟ್ಟಣ ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39 ಕಡಿಮೆಯಾಯಿತು. ಅಕ್ಕಿ, ಬೇಳೆ, ಜೊತೆಗೆ ಅಗತ್ಯದ ಪ್ರಮಾಣದ ವಿಟಮಿನ್.

ಒಂದು ಎಚ್ಚರ ಮಾತ್ರ ಗಟ್ಟಿಯಾಗಿ ಹೇಳಬೇಕು. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 16ಕ್ಕಿಂತ ಕೆಳಗಿರುವವರಿಗೆ, ಅಂದರೆ 160 ಸೆಂ.ಮೀ. ಎತ್ತರಕ್ಕೆ 41 ಕೆ.ಜಿ.ಗಿಂತ ಕಡಿಮೆ ಇದ್ದು ಹಲವು ದಿನ ಸರಿಯಾಗಿ ತಿನ್ನದವರಿಗೆ, ಏಕಾಏಕಿ ಹೊಟ್ಟೆ ತುಂಬ ಉಣಿಸಬೇಡಿ. ಹಸಿದ ದೇಹಕ್ಕೆ ಒಮ್ಮೆಲೇ ಪಿಷ್ಟ ಸಿಕ್ಕರೆ ಇನ್ಸುಲಿನ್ ಏರಿ ರಕ್ತದಲ್ಲಿದ್ದ ಅಲ್ಪಸ್ವಲ್ಪ ರಂಜಕ, ಪೊಟ್ಯಾಸಿಯಂ ಜೀವಕೋಶದೊಳಗೆ ಹೋಗಿಬಿಡುತ್ತವೆ. ಕೆಲವೇ ದಿನಗಳಲ್ಲಿ ಕಾಲು ಊತ, ಏದುಸಿರು, ಗೊಂದಲ, ಹೃದಯದ ಬಡಿತ ತಪ್ಪುವುದು. ಇಂಥವರನ್ನು ಆಸ್ಪತ್ರೆಗೆ ಸೇರಿಸಿ, ಮೊದಲು ಥಯಾಮಿನ್ (ವಿಟಮಿನ್ ಬಿ1) ಕೊಟ್ಟು, ಕೆ.ಜಿ.ಗೆ 10 ಕ್ಯಾಲೊರಿಯಿಂದ ಶುರುಮಾಡಿ ದಿನದಿನಕ್ಕೆ ಏರಿಸಬೇಕು. ಮನೆಯವರು ಪ್ರೀತಿಯಿಂದ ತಂದ ಬುತ್ತಿಯನ್ನು ಆ ಮೊದಲ ದಿನಗಳಲ್ಲಿ ತಡೆಯುವುದು ಕಷ್ಟ, ಆದರೂ ಕಾರಣ ಬಿಡಿಸಿ ಹೇಳಿ ತಡೆಯಬೇಕು.

ಇದರ ಇನ್ನೊಂದು ತುದಿಯೂ ಇದೆ. ಟಿಎಲ್‌ಡಿಯಲ್ಲಿ ಹಲವರ ತೂಕ ಏರುತ್ತದೆ. ಬಿಎಂಐ 23 ದಾಟಿದವರಿಗೆ ಶಕ್ತಿ ಪುಡಿ ಬೇಡ. ಜಿಮ್‌ಗೆ ಹೋಗುವ ಯುವಕರು ಕ್ರಿಯಾಟಿನ್ (ಸ್ನಾಯು ಬೆಳೆಸಲು ಬಳಸುವ ಪೂರಕ) ತೆಗೆದುಕೊಂಡರೆ ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತೋರಿಸುವ ಅಂಕಿ) ಏರಿ ಕಾಣಬಹುದು. ಡೊಲುಟೆಗ್ರಾವಿರ್ ಕೂಡ ಮೂತ್ರಪಿಂಡಕ್ಕೆ ಪೆಟ್ಟು ಕೊಡದೆಯೇ ಆ ಅಂಕಿಯನ್ನು ಸ್ವಲ್ಪ ಏರಿಸುತ್ತದೆ. ಎರಡೂ ಸೇರಿದರೆ ಟೆನೊಫೊವಿರ್‌ನಿಂದ ನಿಜವಾದ ಹಾನಿ ಆಗಿದೆಯೇ ಎಂದು ವೈದ್ಯರಿಗೆ ತಿಳಿಯುವುದು ಕಷ್ಟವಾಗುತ್ತದೆ. ಟೆನೊಫೊವಿರ್‌ನಲ್ಲಿ ಇರುವವರು ಕ್ರಿಯಾಟಿನ್ ಬಿಡುವುದೇ ಒಳಿತು.

ಸಭಿಕರ ಪ್ರಶ್ನೆಗಳಿಂದ

*ನಿಶ್ಶಕ್ತಿಗೆ ಗ್ಲೂಕೋಸ್ ಹಾಕಿಸಿಕೊಂಡರೆ?* ಶೇ 5ರ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, 100 ಕ್ಯಾಲೊರಿಯೂ ಪೂರ್ತಿ ಆಗದು. ವಾಂತಿಯಿಂದ ಏನೂ ನಿಲ್ಲದವರಿಗೆ ಅದು ಬೇಕು, ಬಾಯಲ್ಲಿ ಕುಡಿಯಬಲ್ಲವರಿಗೆ ಬೇಡ.

*ಅಮೃತಬಳ್ಳಿ ಕಷಾಯ, ಭಸ್ಮಗಳು?* ಅಮೃತಬಳ್ಳಿಯಿಂದ ಲಿವರ್ ಕೆಟ್ಟ ಪ್ರಕರಣಗಳನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಹೆಪಟೈಟಿಸ್ ಬಿ ಕೂಡ ಇರುವವರಿಗೆ ಇದು ಸಣ್ಣ ವಿಷಯವಲ್ಲ. ಶಂಖ ಭಸ್ಮ, ಲೋಹ ಭಸ್ಮಗಳಲ್ಲಿ ಇರುವುದೂ ಕ್ಯಾಲ್ಸಿಯಂ, ಕಬ್ಬಿಣವೇ. "ಏಡ್ಸ್ ಗುಣಪಡಿಸುತ್ತದೆ" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಹಾಗೆ ಹೇಳಿ ಔಷಧಿ ಮಾರಬಾರದ ಕಾಯಿಲೆಗಳ ಕಾನೂನಿನ ಪಟ್ಟಿಯಲ್ಲಿ, ಔಷಧ ನಿಯಮಗಳ ಶೆಡ್ಯೂಲ್ ಜೆಯಲ್ಲಿ, ಏಡ್ಸ್ ಇದೆ.

*ಬೆಳ್ಳುಳ್ಳಿ?* ಒಗ್ಗರಣೆಗೆ ಎಷ್ಟು ಬೇಕಾದರೂ ಹಾಕಿ. ಬೆಳ್ಳುಳ್ಳಿ ಸತ್ವದ ಕ್ಯಾಪ್ಸೂಲ್ ಬೇರೆ ವಿಷಯ, ಅದು ಸಾಕ್ವಿನವಿರ್ ಎಂಬ ಹಳೆಯ ಎಚ್‌ಐವಿ ಔಷಧಿಯನ್ನು ರಕ್ತದಲ್ಲಿ ಅರ್ಧಕ್ಕೆ ಇಳಿಸಿದ್ದು ದಾಖಲಾಗಿದೆ.

*ಮಗುವಿಗೆ ನೀರಲ್ಲಿ ಕರಗಿಸುವ ಡೊಲುಟೆಗ್ರಾವಿರ್ ಕೊಡುತ್ತಿದ್ದೇವೆ, ಜೊತೆಗೆ ಮಲ್ಟಿವಿಟಮಿನ್ ಸಿರಪ್ ಇದೆ.* ಸಿರಪ್ಪಿನ ಲೇಬಲ್‌ನಲ್ಲಿ ಜಿಂಕ್, ಐರನ್, ಕ್ಯಾಲ್ಸಿಯಂ ಇದೆಯೇ ನೋಡಿ. ಇದ್ದರೆ ಎಆರ್‌ಟಿ ಮಾತ್ರೆ ಬೆಳಿಗ್ಗೆ ಏಳಕ್ಕೆ, ಸಿರಪ್ ಸಂಜೆ ಐದಕ್ಕೆ ತಿಂಡಿಯ ಮೇಲೆ. ಭೇದಿ ಆದಾಗ ಕೊಡುವ 14 ದಿನದ ಜಿಂಕ್ ಮಾತ್ರೆಗೂ ಇದೇ ಹೊತ್ತು ಇರಲಿ. ಅಂಗನವಾಡಿಯಲ್ಲಿ ಆರು ತಿಂಗಳಿಗೊಮ್ಮೆ ಕೊಡುವ ವಿಟಮಿನ್ ಎ ದ್ರಾವಣವನ್ನು ತಪ್ಪಿಸಬೇಡಿ. ಗರ್ಭಿಣಿಯರಿಗೆ ಹೇಳಿದ ಎಚ್ಚರಿಕೆ ಮಕ್ಕಳಿಗೆ ಅನ್ವಯಿಸದು. ಎಚ್‌ಐವಿ ಇರುವ ಮಕ್ಕಳಿಗೂ ಐದು ವರ್ಷದವರೆಗೆ ಅದು ಬೇಕು, ಮಾತ್ರೆಯ ಹೊತ್ತಿಗೂ ಅದಕ್ಕೂ ಸಂಬಂಧ ಇಲ್ಲ.